ಶಾಸಕರ ಸಂಬಳ, ಪಿಂಚಣಿ, ನಿಗಮದ ಕುರ್ಚಿ: ಕೋರ್ಟಿನಲ್ಲಿ ಯಾವ ವಾದ ನಿಲ್ಲುತ್ತದೆ?

(ತುಮಕೂರಿನಲ್ಲಿ ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

2018ರ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟ್ ಮೂರು ವಾರಗಳ ಅಂತರದಲ್ಲಿ ಎರಡು ತೀರ್ಪು ಕೊಟ್ಟಿತು. ಎರಡರಲ್ಲೂ ಅರ್ಜಿದಾರರು ಒಬ್ಬರೇ, ಲೋಕ್ ಪ್ರಹರಿ ಎಂಬ ಸಂಸ್ಥೆ. ಏಪ್ರಿಲ್ 16ರಂದು ಅವರು ಸೋತರು: ಮಾಜಿ ಸಂಸದರ ಪಿಂಚಣಿ ಉಳಿಯಿತು. ಮೇ 7ರಂದು ಗೆದ್ದರು: ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿಗಳಿಗೆ ಜೀವನಪೂರ್ತಿ ಸರ್ಕಾರಿ ಬಂಗಲೆ ಕೊಡುತ್ತಿದ್ದ ಕಲಂ ರದ್ದಾಯಿತು. ಇವತ್ತಿನ ವಿಷಯಕ್ಕೆ ಈ ಜೋಡಿಗಿಂತ ಒಳ್ಳೆಯ ಪಠ್ಯ ಬೇರೆ ಇಲ್ಲ.

ಪಿಂಚಣಿ ಪ್ರಕರಣದ ವಾದ ಕೇಳುವುದಕ್ಕೆ ಗಟ್ಟಿಯಾಗಿಯೇ ಇತ್ತು. ಸಂವಿಧಾನದ 106ನೇ ವಿಧಿಯಲ್ಲಿ ಇರುವುದು 'ಸಂಬಳ ಮತ್ತು ಭತ್ಯೆ' ಮಾತ್ರ. ಪಿಂಚಣಿ ಎಂಬ ಮಾತೇ ಅಲ್ಲಿಲ್ಲ. ಹಾಗಿದ್ದ ಮೇಲೆ 1954ರ ಕಾಯ್ದೆಗೆ 1976ರಲ್ಲಿ ಅದನ್ನು ಸೇರಿಸಿದ್ದು ಹೇಗೆ? ಆ ಮಾತು ಇಲ್ಲದ ಮಾತ್ರಕ್ಕೆ ಕಾನೂನು ಮಾಡುವ ಅಧಿಕಾರ ಹೋಗುವುದಿಲ್ಲ, ಕೊಡಬೇಕೋ ಬೇಡವೋ ಎಂಬುದು ಸಂಸತ್ತಿನ ವಿವೇಚನೆಗೆ ಬಿಟ್ಟದ್ದು ಎಂದಿತು ಕೋರ್ಟು. ಬಂಗಲೆ ಪ್ರಕರಣದಲ್ಲಿ ಅರ್ಜಿದಾರರು ಹಿಡಿದದ್ದು 14ನೇ ವಿಧಿಯನ್ನು. ಅಧಿಕಾರ ಬಿಟ್ಟಿಳಿದ ಮುಖ್ಯಮಂತ್ರಿ ಉಳಿದ ನಾಗರಿಕರಂತೆಯೇ ಒಬ್ಬ ನಾಗರಿಕ. ಅವರನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ ಸಾರ್ವಜನಿಕ ಆಸ್ತಿ ಕೊಡಲು ಆಧಾರವಿಲ್ಲ ಎಂಬ ಮಾತು ನಿಂತಿತು. ನನ್ನನ್ನು ಕೇಳಿದರೆ, ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಡುವಿನ ಗೆರೆ ಅಷ್ಟೇನೂ ಸ್ಪಷ್ಟವಾಗಿಲ್ಲ. ಮಾಜಿ ಸಂಸದರೂ ಮಾಜಿಗಳೇ ತಾನೆ? ಆದರೆ ಅರ್ಜಿ ಬರೆಯುವವರು ಆ ಗೆರೆಯನ್ನು ಇದ್ದಂತೆಯೇ ಒಪ್ಪಿಕೊಂಡು ಹೊರಡಬೇಕು.

ಈಗ ನಮ್ಮ ರಾಜ್ಯಕ್ಕೆ ಬರೋಣ. 2025ರ ಮಾರ್ಚ್ 21ರಂದು ವಿಧಾನಸಭೆ ಒಪ್ಪಿದ ತಿದ್ದುಪಡಿಯಲ್ಲಿ ಶಾಸಕರ ಮೂಲ ಸಂಬಳ 40,000ದಿಂದ 80,000 ರೂಪಾಯಿಗೆ, ಮುಖ್ಯಮಂತ್ರಿಯವರದು 75,000ದಿಂದ 1.5 ಲಕ್ಷಕ್ಕೆ ಏರಿತು. ಸದನದಲ್ಲಿ ಗದ್ದಲ, ಅದೇ ದಿನ 18 ಶಾಸಕರ ಅಮಾನತು, ಅದರ ನಡುವೆಯೇ ವಿಧೇಯಕ ಪಾಸು. ಇದನ್ನು ಪ್ರಶ್ನಿಸಲು ಹೊರಟವರ ಕರಡಿನಲ್ಲಿ ಸಾಮಾನ್ಯವಾಗಿ ಕಾಣುವ ಆಧಾರಗಳು ಎರಡು: ದುಪ್ಪಟ್ಟು ಮಾಡಿಕೊಂಡರು, ಚರ್ಚೆಯೇ ಇಲ್ಲದೆ ಮಾಡಿಕೊಂಡರು. ಮೊದಲನೆಯದಕ್ಕೆ 195ನೇ ವಿಧಿ ಅಡ್ಡ ಬರುತ್ತದೆ. ತನ್ನ ಸದಸ್ಯರ ಸಂಬಳವನ್ನು ಕಾನೂನಿನ ಮೂಲಕ ನಿಗದಿ ಮಾಡುವ ಅಧಿಕಾರವನ್ನು ಸಂವಿಧಾನವೇ ಶಾಸಕಾಂಗಕ್ಕೆ ಕೊಟ್ಟಿದೆ. ಎರಡನೆಯದಕ್ಕೆ 212ನೇ ವಿಧಿ ಅಡ್ಡ. ಕಾರ್ಯವಿಧಾನದ ಲೋಪ ತೋರಿಸಿ ಸದನದ ನಡಾವಳಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. 2007ರ ರಾಜಾರಾಮ್ ಪಾಲ್ ತೀರ್ಪು ಇಲ್ಲಿ ಒಂದು ಕಿಂಡಿ ತೆರೆದಿದೆ, ನಿಜ. ಲೋಪಕ್ಕೆ ರಕ್ಷಣೆ ಇದೆ, ಕಾನೂನುಬಾಹಿರತೆಗೆ ಇಲ್ಲ. ಆದರೆ ಗದ್ದಲ ಬರೀ ಗದ್ದಲ, ಅದು ಆ ಕಿಂಡಿಯಲ್ಲಿ ತೂರುವುದಿಲ್ಲ.

ಸದನವೇ ತನ್ನ ಸದಸ್ಯರ ಸವಲತ್ತಿನ ವಿರುದ್ಧ ನಿಲ್ಲಬಹುದಲ್ಲವೇ ಎಂದು ಕೇಳುವವರಿದ್ದಾರೆ. ಇಟಲಿಯ ಕೆಳಮನೆ 2018ರಲ್ಲಿ ಮಾಜಿ ಸದಸ್ಯರ ಆಜೀವ ಭತ್ಯೆಯನ್ನು ತಾನೇ ಕತ್ತರಿಸಿತು. ತಕರಾರು ಹೋದದ್ದು ಸಾಮಾನ್ಯ ಕೋರ್ಟಿಗಲ್ಲ, ಸದನದ ಒಳಗಿನದೇ ನ್ಯಾಯಮಂಡಳಿಗೆ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ಸದನಕ್ಕೆ ಬೇಡವಾದರೆ ಕಾಯ್ದೆಯನ್ನೇ ತಿದ್ದಬೇಕು. ಪಂಜಾಬ್ 2022ರಲ್ಲಿ ಹಾಗೆಯೇ ಮಾಡಿತು: ಎಷ್ಟು ಸಲ ಗೆದ್ದಿದ್ದರೂ ಒಬ್ಬ ಶಾಸಕರಿಗೆ ಒಂದೇ ಪಿಂಚಣಿ.

ಹಾಗಾದರೆ ಕೋರ್ಟಿನಲ್ಲಿ ಹುರುಳಿರುವ ಜಾಗ ಯಾವುದು? ಲಾಭದಾಯಕ ಹುದ್ದೆ. ಸರ್ಕಾರದ ಅಡಿಯಲ್ಲಿ ಅಂಥ ಹುದ್ದೆ ಹಿಡಿದವರು, ಕಾನೂನಿನ ವಿನಾಯಿತಿ ಇಲ್ಲದಿದ್ದರೆ, ಸದನದ ಸದಸ್ಯರಾಗಿರಲು ಅನರ್ಹರು. ಈ ಕಾನೂನಿನ ಒಂದು ಬೇರು ನಮ್ಮ ಗುಬ್ಬಿಯಲ್ಲೇ ಇದೆ. 1954ರ ರಾವಣ್ಣ ಸುಬಣ್ಣ ಪ್ರಕರಣ ಗುಬ್ಬಿ ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷಗಿರಿಯ ಬಗ್ಗೆ ನಡೆದದ್ದು. ಅಧ್ಯಕ್ಷರಿಗೆ ಸಭೆಯೊಂದಕ್ಕೆ 6 ರೂಪಾಯಿ. ಅದು ಕೈಯಿಂದ ಹೋಗುವ ಖರ್ಚಿಗೆ ಕೊಟ್ಟದ್ದು, ಸಂಪಾದನೆಯಲ್ಲ, ಆದ್ದರಿಂದ ಆ ಹುದ್ದೆ ಲಾಭದಾಯಕವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದರ ಎದುರಿಗೆ 2006ರ ಜಯಾ ಬಚ್ಚನ್ ಪ್ರಕರಣವನ್ನು ಇಟ್ಟು ಓದಿ. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷ ಸ್ಥಾನ. ತಿಂಗಳಿಗೆ 5,000 ಗೌರವಧನ, ಆತಿಥ್ಯಕ್ಕೆ 10,000, ಜತೆಗೆ ಚಾಲಕನಿರುವ ಕಾರು. ನಾನು ಏನನ್ನೂ ಪಡೆದಿಲ್ಲ ಎಂದರು ಅವರು. ಪಡೆದರೋ ಬಿಟ್ಟರೋ ಮುಖ್ಯವಲ್ಲ, ಹುದ್ದೆಗೆ ಹಣಕಾಸಿನ ಲಾಭ ಅಂಟಿಕೊಂಡಿದ್ದರೆ ಸಾಕು ಎಂದಿತು ಕೋರ್ಟು. ಹೀಗಾಗಿ ನಿಮ್ಮ ಕೈಗೆ ಬೇಕಾದದ್ದು ಬ್ಯಾಂಕ್ ಪಾಸ್‌ಬುಕ್ ಅಲ್ಲ, ನೇಮಕಾತಿ ಆದೇಶ ಮತ್ತು ಸವಲತ್ತಿನ ಆದೇಶ. 'ಗೌರವಧನ' ಎಂದು ಬರೆದ ಮಾತ್ರಕ್ಕೆ ಅದು ಗುಬ್ಬಿಯ 6 ರೂಪಾಯಿ ಆಗುವುದಿಲ್ಲ.

ನಿಗಮ ಮಂಡಳಿಗಳ ನೇಮಕಕ್ಕೆ ಇಷ್ಟು ನೂಕುನುಗ್ಗಲು ಏಕೆಂದರೆ, 2003ರ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ಸದನದ ಬಲದ ಶೇ 15ಕ್ಕೆ ಕಟ್ಟಿಹಾಕಿದೆ. 224 ಸ್ಥಾನಗಳ ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34. ಉಳಿದವರ ಅಸಮಾಧಾನ ತಣಿಸಲು ಸಂಪುಟ ದರ್ಜೆಯ ಕುರ್ಚಿ. ಮಂತ್ರಿಗಳ ನೆರವಿಗೆಂದು ಶಾಸಕರಿಗೆ ಕೊಡುವ ಸಂಸದೀಯ ಕಾರ್ಯದರ್ಶಿ ಹುದ್ದೆಯೂ ಇದೇ ದಾರಿಯದು. ಅಸ್ಸಾಂ ಅದಕ್ಕೆಂದೇ ಮಾಡಿದ್ದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿತು; ಅಂಥ ಹುದ್ದೆ ಸೃಷ್ಟಿಸುವ ಅಧಿಕಾರವೇ ರಾಜ್ಯ ಶಾಸಕಾಂಗಕ್ಕಿಲ್ಲ ಎಂಬ ಕಾರಣಕ್ಕೆ.

ಕೆಲಸದ ಕ್ರಮ ಹೇಳುತ್ತೇನೆ. ಮೊದಲು ಅನರ್ಹತೆ ತಡೆಯುವ ನಮ್ಮ ರಾಜ್ಯದ 1956ರ ಕಾಯ್ದೆಯನ್ನು ಈವರೆಗಿನ ತಿದ್ದುಪಡಿಗಳ ಸಮೇತ ಓದಿ. ಆ ಹುದ್ದೆ ವಿನಾಯಿತಿ ಪಟ್ಟಿಯಲ್ಲಿದ್ದರೆ ಮುಂದೆ ಹೋಗಿ ಪ್ರಯೋಜನವಿಲ್ಲ. ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಆದೇಶದ ಪ್ರತಿ ಕೇಳಿ: 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸಂಬಳ, ಕಾರು, ಮನೆ, ಸಿಬ್ಬಂದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ವಾಪಸ್ ಬರುವುದು ಅಲ್ಲೇ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ.

ಆಮೇಲೆ ಎಲ್ಲಿಗೆ? ನೇರ ಹೈಕೋರ್ಟಿಗೆ ಓಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಗೆದ್ದ ನಂತರ ಅಂಟಿದ ಅನರ್ಹತೆಯನ್ನು ತೀರ್ಮಾನಿಸುವವರು 192ನೇ ವಿಧಿಯಡಿ ರಾಜ್ಯಪಾಲರು. ಅವರೂ ಸ್ವಂತ ಇಚ್ಛೆಯಂತೆ ತೀರ್ಮಾನಿಸುವಂತಿಲ್ಲ, ಚುನಾವಣಾ ಆಯೋಗದ ಅಭಿಪ್ರಾಯ ಕೇಳಿ ಅದರಂತೆಯೇ ನಡೆಯಬೇಕು. ಚುನಾವಣೆಗೆ ಮುಂಚೆಯೇ ಇದ್ದ ಅನರ್ಹತೆಯಾದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. 46ನೇ ದಿನ ಹೋದರೆ ಬಾಗಿಲು ಮುಚ್ಚಿರುತ್ತದೆ. ಸಂಸದೀಯ ಕಾರ್ಯದರ್ಶಿಗಳಾಗಿದ್ದಕ್ಕೆ ದೆಹಲಿಯ 20 ಶಾಸಕರಿಗೆ ಅಂಟಿದ್ದ ಅನರ್ಹತೆ 2018ರಲ್ಲಿ ಹೈಕೋರ್ಟಿನಲ್ಲಿ ಬಿದ್ದದ್ದು ಅವರ ವಾದವನ್ನು ಆಯೋಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂಬ ಕಾರಣಕ್ಕೆ. ದೂರುದಾರರಾದ ನೀವೇ ಮೌಖಿಕ ವಿಚಾರಣೆ ಕೋರಿ, ಅದನ್ನು ಲಿಖಿತವಾಗಿ ದಾಖಲಿಸಿ.

ಕಡೆಯದಾಗಿ ಒಂದು ಎಚ್ಚರಿಕೆ. ದೂರು ಕೊಟ್ಟ ಮೇಲೂ ಶಾಸಕಾಂಗ ಆ ಹುದ್ದೆಯನ್ನು ಪೂರ್ವಾನ್ವಯವಾಗಿ ವಿನಾಯಿತಿ ಪಟ್ಟಿಗೆ ಸೇರಿಸಬಹುದು. ಸಂಸತ್ತು 2006ರಲ್ಲಿ ಮಾಡಿದ್ದು ಅದನ್ನೇ, ಜಾರಿಯ ದಿನಾಂಕವನ್ನು 1959ಕ್ಕೆ ಹಿಂದೊಯ್ದು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಹಾಗಾಗಿ ದೂರು ಕಳಿಸಿದ ದಿನದಿಂದಲೇ ಪ್ರತಿ ಅಧಿವೇಶನದ ವಿಧೇಯಕಗಳ ಪಟ್ಟಿಯ ಮೇಲೆ ಕಣ್ಣಿಟ್ಟಿರಿ.