ಕೋಲು ಕೆಳಗಿಡಿ, ಚಪ್ಪಾಳೆ ತಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮನೆಯಲ್ಲಿ ಡ್ರಮ್ ಸೆಟ್ ಇಟ್ಟುಕೊಂಡಿರುವ ಹುಡುಗ ಹುಡುಗಿಯರಿಗೆ. ಆ ಸದ್ದನ್ನು ಸಹಿಸಿಕೊಂಡಿರುವ ಅವರ ಅಪ್ಪ ಅಮ್ಮಂದಿರೂ ಕೇಳಬಹುದು.

ಕ್ಯೂಬಾದ ತಾಳ ಕಲಿಯಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಒಂದೇ. "ಸಾರ್, ಯಾವ ಕೈ ಎಲ್ಲಿ, ಯಾವ ಕಾಲು ಎಲ್ಲಿ?" ಅದೆಲ್ಲ ಆಮೇಲೆ. ಮೊದಲು ಕೋಲು ಕೆಳಗಿಡಿ. ಕ್ಲಾವೆ ತಟ್ಟಿ.

ಕ್ಲಾವೆ ಅಂದರೆ ಎರಡು ಗಟ್ಟಿ ಮರದ ತುಂಡುಗಳು. ಅವನ್ನು ಒಂದಕ್ಕೊಂದು ಬಡಿದು ನುಡಿಸುವ ಐದು ಏಟಿನ ಲೆಕ್ಕಕ್ಕೂ ಅದೇ ಹೆಸರು. ನಮಗೆ ಇದು ಸುಲಭ. ಕೊನ್ನಕೋಲಿನಲ್ಲಿ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ನಮ್ಮ ಪದ್ಧತಿಯಲ್ಲಿ, ಹೇಳಿ: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಒಟ್ಟು 16. ಒಂದೊಂದು ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ಚಪ್ಪಾಳೆ. ಮೊದಲ ಎಂಟರಲ್ಲಿ ಮೂರು ಏಟು ಬೀಳುತ್ತವೆ, ಉಳಿದ ಎಂಟರಲ್ಲಿ ಎರಡು. ಸೋನ್ ಎಂಬ ಕ್ಯೂಬಾದ ಹಾಡಿನ ಬಗೆ ಇದರ ಮೇಲೇ ನಿಂತಿದೆ.

ನಾನು ಇದನ್ನು ಕಲಿತದ್ದು ಮಾನ ಕಳೆದುಕೊಂಡು. ಆಗ ನನಗೆ ಇಪ್ಪತ್ತೆರಡು. ಸೋಂಗೊ ಅಂತ ಒಂದು ತಾಳ ಇದೆ. ಕ್ಯೂಬಾದ ರಾಜಧಾನಿ ಹವಾನಾದಲ್ಲಿ 1969ರಲ್ಲಿ ಶುರುವಾದ ಲಾಸ್ ವಾನ್ ವಾನ್ ತಂಡದ್ದು. ಅದರ ಡ್ರಮ್ಮರ್ ಚಾಂಗೀಟೊ, ಕಾಂಗಾ ಎಂಬ ಉದ್ದನೆಯ ಕೈಡೋಲಿನವರೂ ಟಿಂಬಾಲೆ ಎಂಬ ತಗಡಿನ ಜೋಡಿ ಡೋಲಿನವರೂ ಮಾಡುವ ಕೆಲಸವನ್ನು ಡ್ರಮ್ ಸೆಟ್ಟಿಗೇ ತಂದುಬಿಟ್ಟರು. ಕ್ಯಾಸೆಟ್ ಸವೆಯುವಷ್ಟು ಕೇಳಿ, ಎರಡು ತಿಂಗಳು ತಿಣುಕಿ ಅದನ್ನು ಕೈಗೆ ತಂದುಕೊಂಡಿದ್ದೆ. ಅಷ್ಟರಲ್ಲಿ ಕ್ಯೂಬಾದ ಪಿಯಾನೋ ವಾದಕರೊಬ್ಬರು ನಮ್ಮೂರಿಗೆ ಬಂದರು. ಅವರ ಜೊತೆ ರಿಹರ್ಸಲ್. ನನ್ನದೋ ಭರ್ಜರಿ ಶುರು! ನಾಲ್ಕು ಆವರ್ತ ಆಗಿರಲಿಲ್ಲ, ಅವರು ನಿಲ್ಲಿಸಿಬಿಟ್ಟರು. ಹಾಡು ಕ್ಲಾವೆಯ ಎರಡು ಏಟಿನ ಅರ್ಧದಿಂದ ಹೊರಟಿತ್ತು, ನಾನು ಮೂರು ಏಟಿನ ಅರ್ಧದಿಂದ ಹೊರಟಿದ್ದೆ. ಲಯ ಒಂದಿಷ್ಟೂ ತಪ್ಪಿರಲಿಲ್ಲ. ಆದರೂ ಎಲ್ಲವೂ ತಪ್ಪು.

ಅವರು ಬೈಯಲಿಲ್ಲ. ಎದ್ದು ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ತಟ್ಟು ಅಂದರು. ತಟ್ಟಿದೆ. "ಊಟ ಆಯ್ತಾ?" ಅಂತ ಕೇಳಿದರು. "ಆಯ್ತು" ಅನ್ನುವಷ್ಟರಲ್ಲಿ ಚಪ್ಪಾಳೆ ತಪ್ಪಿತು. ಮತ್ತೆ ತಟ್ಟಿದೆ. "ಏನು ತಿಂದೆ?" ಮತ್ತೆ ತಪ್ಪಿತು. ಅವತ್ತು ಮಧ್ಯಾಹ್ನವಿಡೀ ಹೀಗೇ. ಸಾರಿನಿಂದ ಮಜ್ಜಿಗೆಯವರೆಗೆ ನಾನು ತಿಂದದ್ದೆಲ್ಲ ಅವರಿಗೆ ಗೊತ್ತಾಯಿತು. ಸಂಜೆ ಹೊತ್ತಿಗೆ ಕೈ ತನ್ನ ಪಾಡಿಗೆ ತಟ್ಟುತ್ತಿತ್ತು, ಬಾಯಿ ತನ್ನ ಪಾಡಿಗೆ ಮಾತಾಡುತ್ತಿತ್ತು. ಆಮೇಲೇ ಕೋಲು ವಾಪಸ್ ಕೊಟ್ಟದ್ದು. ಸೋಂಗೊ ಅಲ್ಲ, ಬರೀ ಕಾಸ್ಕರಾ ನುಡಿಸು ಅಂದರು. ಕಾಸ್ಕರಾ ಅಂದರೆ ಸಿಪ್ಪೆ. ಟಿಂಬಾಲೆಯ ಪಕ್ಕದ ತಗಡಿನ ಮೇಲೆ ನುಡಿಸುವ ಏಟು. ನಮ್ಮಲ್ಲಿ ಟಿಂಬಾಲೆ ಇಲ್ಲದಿದ್ದರೆ ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್‌ನ ಪಕ್ಕೆ ಸಾಕು.

ಅಯ್ಯೋ, ಬ್ರೆಜಿಲ್‌ನ ತಾಳಗಳು, ಸಾಂಬಾ ಮತ್ತು ಬೋಸಾನೋವಾ, ಇನ್ನೂ ಬಾಕಿ ಇವೆ, ಗಡಿಯಾರ ಓಡುತ್ತಿದೆ. ಸಾಂಬಾದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಮೊದಲ ಏಟಿಗೆ ಭಾರ ಹಾಕುವುದು. ರಿಯೊದ ಸಾಂಬಾ ಮೆರವಣಿಗೆಯಲ್ಲಿ ಸುರ್ದೊ ಎಂಬ ದೊಡ್ಡ ಡೋಲು ಗುಮ್ಮೆನ್ನುವುದು ಎರಡನೇ ಏಟಿಗೆ. ನಿಮ್ಮ ಬಲಗಾಲು ಆ ಸುರ್ದೊ. ಎರಡಕ್ಕೆ ಒತ್ತಿ ತುಳಿಯಿರಿ. ಬೋಸಾನೋವಾಕ್ಕೆ ಸಮಯವಿಲ್ಲ. ಮೆಲ್ಲಗೆ ನುಡಿಸಿ, ಸಾಕು.

ಇದಕ್ಕೂ ಮೊದಲು ಚಪ್ಪಾಳೆಯೇ. ಮತ್ತೆ ಮತ್ತೆ ಅದನ್ನೇ ಹೇಳುತ್ತಾರೆ ಅಂತ ಬೇಜಾರಾಯಿತಾ? ಆಗಲಿ ಬಿಡಿ. ಈಗ ನಾನು ಈ ಮೇಜಿನ ಮೇಲೆ ಪೆನ್ಸಿಲ್‌ನಿಂದ ತಟ್ಟುತ್ತೇನೆ. ನೀವೂ ಜೊತೆಗೆ ತಟ್ಟಿ. ತಟ್ಟುತ್ತಾ, ಇವತ್ತು ಮಧ್ಯಾಹ್ನ ಏನು ಊಟ ಮಾಡಿದಿರಿ ಅಂತ ಪಕ್ಕದಲ್ಲಿರುವವರಿಗೆ ಹೇಳಿ ನೋಡೋಣ. ತಕಿಟ ತಕಿಟ ತಕಧಿಮಿ ತಕ ತಕಧಿಮಿ…