ಬ್ಯಾಂಡ್ ಕಟ್ಟೋಕೆ ಬೆಂಗಳೂರೇ ಯಾಕೆ? ಹಾಸನ ಸಾಲದಾ?

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ನಾಲ್ಕು ಜನ ಸೇರಿ ಸ್ವಂತ ಹಾಡು ಮಾಡುವ ಬ್ಯಾಂಡ್ ಕಟ್ಟಿದರೆ, ಮೊದಲ ಎರಡು ಮೂರು ವರ್ಷ ಆ ಬ್ಯಾಂಡ್ ಬೆಂಗಳೂರಿಗೆ ಹೋಗಬಾರದು. ಇಲ್ಲೇ ಇರಬೇಕು. ಇಲ್ಲೇ ತಪ್ಪು ನುಡಿಸಬೇಕು, ಇಲ್ಲೇ ಸರಿ ಮಾಡಿಕೊಳ್ಳಬೇಕು.

ನಮ್ಮಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಕಾಲೇಜ್ ಫೆಸ್ಟ್‌ಗೆ ಅಂತ ಹುಡುಗರು ಸೇರುತ್ತಾರೆ. ಒಬ್ಬನ ಹತ್ತಿರ ಗಿಟಾರ್, ಇನ್ನೊಬ್ಬ ಚರ್ಚ್‌ನಲ್ಲಿ ಕೀಬೋರ್ಡ್ ಕಲಿತವನು, ಡ್ರಮ್ಸ್ ಯಾರದೋ ಆರ್ಕೆಸ್ಟ್ರಾದಿಂದ ಬಾಡಿಗೆಗೆ. ಎರಡು ಹಾಡು ಚೆನ್ನಾಗಿ ಬಂದರೆ ಸಾಕು, "ಇಲ್ಲಿ ಏನಿದೆ ಗುರು, ಬೆಂಗಳೂರಿಗೆ ಹೋಗೋಣ" ಅನ್ನುವ ಮಾತು ಶುರು. ಹೋಗುತ್ತಾರೆ. ಪಿಜಿ ಬಾಡಿಗೆ, ಕೆಲಸ, ಟ್ರಾಫಿಕ್ಕು, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಪ್ರಾಕ್ಟೀಸ್ ಮಾಡುವ ರೂಮು, ಒಬ್ಬನ ಶಿಫ್ಟ್ ಮುಗಿಯುವಾಗ ಇನ್ನೊಬ್ಬನ ಶಿಫ್ಟ್ ಶುರು. ಕೆಲವೇ ತಿಂಗಳಲ್ಲಿ ಬ್ಯಾಂಡ್ ಅಂದರೆ ಒಂದು ವಾಟ್ಸಾಪ್ ಗ್ರೂಪ್ ಅಷ್ಟೇ ಆಗಿ ಉಳಿಯುತ್ತದೆ. ಇದನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ.

ಅದಕ್ಕೆ ನಾನು ಒಂದು ಹೊರದೇಶದ ಬ್ಯಾಂಡಿನ ಮೊದಲ ವರ್ಷಗಳ ಕಥೆ ಹೇಳಬೇಕು. ಆರ್.ಇ.ಎಂ. ಹೆಸರು ಕೇಳಿರುತ್ತೀರಿ. ಆದರೆ ಅವರು ಎಲ್ಲಿಂದ ಬಂದರು ಅನ್ನುವುದು ನಮಗೆ ಮುಖ್ಯ. ಅವರದು ನ್ಯೂಯಾರ್ಕ್ ಅಲ್ಲ, ಲಾಸ್ ಏಂಜಲೀಸ್ ಅಲ್ಲ. ಅಮೆರಿಕದ ದಕ್ಷಿಣದಲ್ಲಿ ಜಾರ್ಜಿಯಾ ಅಂತ ರಾಜ್ಯ, ಅದರಲ್ಲಿ ಅಥೆನ್ಸ್ ಅನ್ನುವ ಊರು. ಯೂನಿವರ್ಸಿಟಿ ಇದೆ, ಅದರ ಸುತ್ತ ಊರು ಇದೆ. ದೊಡ್ಡ ನಗರ ಅಟ್ಲಾಂಟಾ ಅಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್. ಎಂಸಿಇ ಎಂಜಿನಿಯರಿಂಗ್ ಕಾಲೇಜ್ ಇರುವ ಹಾಸನ, ಎಐಟಿ ಕಾಲೇಜ್ ಇರುವ ಚಿಕ್ಕಮಗಳೂರು ನೆನಪಾಗಲ್ವಾ?

ಪೀಟರ್ ಬಕ್ ಅನ್ನುವವನು ಆ ಊರಿನ ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೈಕಲ್ ಸ್ಟೈಪ್ ಗಿರಾಕಿ. ಬಕ್ ತನಗೆ ಅಂತ ಎತ್ತಿಟ್ಟುಕೊಂಡ ರೆಕಾರ್ಡ್‌ಗಳನ್ನೇ ಇವನೂ ಬಂದು ಕೊಳ್ಳುತ್ತಿದ್ದ, ಪರಿಚಯ ಆಗಿದ್ದು ಹಾಗೆ. ಬಿಲ್ ಬೆರ್ರಿ, ಮೈಕ್ ಮಿಲ್ಸ್ ಇಬ್ಬರೂ ಮೇಕನ್ ಅನ್ನುವ ಇನ್ನೊಂದು ಊರಿನವರು, ಸ್ಕೂಲಿನಿಂದಲೇ ಜೊತೆಗೆ ನುಡಿಸಿದವರು. ನಾಲ್ಕೂ ಜನ ಸೇರಿ ಮೊದಲು ನುಡಿಸಿದ್ದು 1980ರ ಏಪ್ರಿಲ್ 5ರಂದು, ಪಾಳುಬಿದ್ದ ಒಂದು ಚರ್ಚಿನಲ್ಲಿ. ಸ್ನೇಹಿತೆಯೊಬ್ಬಳ ಹುಟ್ಟುಹಬ್ಬದ ಪಾರ್ಟಿ ಅದು. ಸ್ವಂತ ಹಾಡು ಇದ್ದವು, ಬೇರೆಯವರ ಹಾಡೂ ಇದ್ದವು. ಬ್ಯಾಂಡಿನ ಹೆಸರು ಆಮೇಲೆ ನಿಘಂಟು ತಿರುವಿ ಹಾಕಿ ಆರಿಸಿಕೊಂಡದ್ದು.

ಇಷ್ಟಾದ ಮೇಲೂ ಅವರು ಅಟ್ಲಾಂಟಾಕ್ಕೋ ನ್ಯೂಯಾರ್ಕಿಗೋ ಮನೆ ಬದಲಾಯಿಸಲಿಲ್ಲ. ಕಾಲೇಜು ಬಿಟ್ಟರು, ಊರು ಬಿಡಲಿಲ್ಲ. ಒಂದು ಹಳೇ ನೀಲಿ ವ್ಯಾನ್. ಅದನ್ನು ಓಡಿಸುತ್ತಿದ್ದವನು ಅವರ ಮ್ಯಾನೇಜರ್ ಜೆಫರ್ಸನ್ ಹೋಲ್ಟ್. ಸುಮಾರು ಒಂದೂವರೆ ವರ್ಷ ದಕ್ಷಿಣದ ಊರೂರು ತಿರುಗಿದರು. ಊಟಕ್ಕೆ ಒಬ್ಬೊಬ್ಬರಿಗೆ ದಿನಕ್ಕೆ ಎರಡು ಡಾಲರ್. ಇಂಥ ಬ್ಯಾಂಡುಗಳು ಹೋಗಿ ನುಡಿಸುವ ಊರುಗಳ ಸರಣಿ ಅಂತ ಆಗ ಒಂದು ಇರಲೇ ಇಲ್ಲ, ಇವರು ತಿರುಗಿ ತಿರುಗಿಯೇ ದಾರಿ ಮಾಡಿಕೊಂಡರು. ಯಾರೂ ಕೇಳದ ಊರಲ್ಲಿ ನುಡಿಸಿ ನುಡಿಸಿ ಕೈ ಪಳಗುವುದು ಇದೆಯಲ್ಲ, ಅದಕ್ಕೆ ಬೇರೆ ಯಾವ ಶಾರ್ಟ್‌ಕಟ್ಟೂ ಇಲ್ಲ.

1981ರಲ್ಲಿ ಮೊದಲ ಸಿಂಗಲ್, 'ರೇಡಿಯೋ ಫ್ರೀ ಯೂರೋಪ್'. ರೆಕಾರ್ಡ್ ಮಾಡಿದ್ದು ಮಿಚ್ ಈಸ್ಟರ್ ಅನ್ನುವವನ ಸ್ಟುಡಿಯೋದಲ್ಲಿ. ಸ್ಟುಡಿಯೋ ಅಂದರೆ ಅವನ ಅಪ್ಪ ಅಮ್ಮನ ಮನೆಯ ಗ್ಯಾರೇಜು. ಮೊದಲು ಒತ್ತಿದ್ದು 1000 ಪ್ರತಿ, ಅದರಲ್ಲಿ 600 ಪ್ರಚಾರಕ್ಕೆ ಸುಮ್ನೆ ಹಂಚಿದರು. ಉಳಿದದ್ದು ಬೇಗ ಖಾಲಿ ಆಯಿತು, ಮತ್ತೆ 6000 ಒತ್ತಬೇಕಾಯಿತು. ಮಾರುವುದಕ್ಕಿಂತ ಜಾಸ್ತಿ ಹಂಚಿದ್ದನ್ನು ಗಮನಿಸಿ. ನಾವು ಮೊದಲ ಹಾಡು ಹಾಕಿದ ಮಾರನೇ ದಿನವೇ ವ್ಯೂಸ್ ಎಣಿಸುತ್ತಾ ಕೂರುತ್ತೇವೆ.

ನನಗೆ ಜಾಸ್ತಿ ಇಷ್ಟವಾದ ಭಾಗ ಇನ್ನೊಂದು. 1982ರಲ್ಲಿ ಐ.ಆರ್.ಎಸ್. ಅನ್ನುವ ರೆಕಾರ್ಡ್ ಕಂಪನಿ ಇವರನ್ನು ತೆಗೆದುಕೊಂಡಿತು. ಮೊದಲ ಆಲ್ಬಂ ಮಾಡುವಾಗ ಕಂಪನಿ ಸ್ಟೀಫನ್ ಹೇಗ್ ಅನ್ನುವ ಪ್ರೊಡ್ಯೂಸರ್‌ನನ್ನು, ಅಂದರೆ ರೆಕಾರ್ಡಿಂಗ್ ನಿಂತು ಮಾಡಿಸುವವನನ್ನು, ಕೂರಿಸಿತು. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ, ಎಲ್ಲಾ ತಾಳ ಕರಾರುವಾಕ್ಕಾಗಿ ಕೂರಬೇಕು ಅನ್ನುವ ಮನುಷ್ಯ. ಹುಡುಗರಿಗೆ ಹಿಡಿಸಲಿಲ್ಲ. ಹೊಸ ಬ್ಯಾಂಡು, ಕೈಯಲ್ಲಿ ದುಡ್ಡಿಲ್ಲ, ಎದುರಿಗೆ ಕಂಪನಿ. ಆದರೂ ಬೇಡ ಅಂದರು. ನಮ್ಮ ಗ್ಯಾರೇಜಿನ ಮಿಚ್ ಈಸ್ಟರ್ ಇರಲಿ ಅಂದರು. ಅವನೂ ಡಾನ್ ಡಿಕ್ಸನ್ನೂ ಸೇರಿ ಮಾಡಿಸಿದ ಆಲ್ಬಂ 'ಮರ್ಮರ್', 1983ರ ಏಪ್ರಿಲ್‌ನಲ್ಲಿ ಬಂತು. ಅದನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆಲ್ಬಂ ಅಂತ ಆರಿಸಿತು. ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಜಗತ್ತನ್ನೇ ಆಳುತ್ತಿದ್ದ ವರ್ಷ ಅದು! ಸ್ಟೈಪ್ ಹಾಡುವುದು ಅರ್ಧಕ್ಕರ್ಧ ಗೊಣಗಿದ ಹಾಗೆ, ಅಲ್ಲಿನವರಿಗೇ ಸಾಹಿತ್ಯ ಪೂರ್ತಿ ಕೇಳಿಸುತ್ತಿರಲಿಲ್ಲ. ಆದರೂ ಅದು ಆ ಊರಿನ ಹುಡುಗರದ್ದೇ ದನಿ, ಬೇರೆ ಯಾರದ್ದೂ ಅಲ್ಲ ಅಂತ ಕೇಳಿದ ತಕ್ಷಣ ಗೊತ್ತಾಗುತ್ತದೆ. ಎರಡನೇ ತಿಂಗಳಲ್ಲೇ ದೊಡ್ಡ ನಗರಕ್ಕೆ ಓಡಿ ಅಲ್ಲಿನವರು ಏನು ನುಡಿಸುತ್ತಾರೋ ಅದನ್ನೇ ನುಡಿಸಿದ್ದರೆ ಆ ದನಿ ಉಳಿಯುತ್ತಿತ್ತಾ?

ಈಗ ದುಡ್ಡಿನ ವಿಷಯ. ಇದನ್ನು ದಯವಿಟ್ಟು ಕೇಳಿ, ಯಾಕೆಂದರೆ ನಮ್ಮ ಬ್ಯಾಂಡುಗಳು ಒಡೆಯುವುದು ಇಲ್ಲೇ. ಹಾಡು ಬರೆದವರ ಹೆಸರು ಅಂತ ಆರ್.ಇ.ಎಂ. ಪ್ರತಿ ಹಾಡಿಗೂ ನಾಲ್ಕೂ ಜನರ ಹೆಸರು ಹಾಕಿತು. ಬೆರ್ರಿ, ಬಕ್, ಮಿಲ್ಸ್, ಸ್ಟೈಪ್. ಸಾಲು ಯಾರದು, ರಾಗ ಯಾರಿಗೆ ಹೊಳೆಯಿತು ಅನ್ನುವ ಲೆಕ್ಕ ಇಲ್ಲ. ಹಾಡಿನಿಂದ ಬರುವ ರಾಯಲ್ಟಿ ಬರೆದವರ ಹೆಸರಿಗೆ ಹೋಗುತ್ತದೆ. ಹೆಸರು ಒಬ್ಬನದೇ ಇದ್ದರೆ ಕೆಲವು ವರ್ಷದಲ್ಲಿ ಹಾಡುಗಾರ ಕಾರು ತೆಗೆದುಕೊಂಡಿರುತ್ತಾನೆ, ಡ್ರಮ್ಸ್‌ನವನು ಇನ್ನೂ ತನ್ನ ಡ್ರಮ್ಸಿನ ಕಂತು ಕಟ್ಟುತ್ತಿರುತ್ತಾನೆ. ಆಮೇಲೆ ಪ್ರೀತಿ ಎಲ್ಲಿ ಉಳಿಯುತ್ತದೆ? ಅವರು ಬೆರ್ರಿ 1997ರಲ್ಲಿ ಬಿಡುವವರೆಗೂ ಅದೇ ನಾಲ್ಕು ಜನ ಇದ್ದರು, ಬ್ಯಾಂಡ್ ನಿಲ್ಲಿಸಿದ್ದು 2011ರಲ್ಲಿ. ಸಮಪಾಲು ಅನ್ನುವುದು ಇದರಲ್ಲಿ ದೊಡ್ಡ ಕಾರಣ ಅಂತ ನಾನು ನಂಬುತ್ತೇನೆ. ನೀವು ನಾಲ್ಕು ಜನ ಇದ್ದರೆ ಮೊದಲ ಸಂಭಾವನೆ ಬರುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ. ಸ್ನೇಹಿತರ ನಡುವೆ ಇದೆಲ್ಲಾ ಯಾಕೆ ಅನ್ನಬೇಡಿ. ಸ್ನೇಹಿತರು ಅಂತಲೇ ಬರೆಯಬೇಕು.

ನಮ್ಮವರ ಉದಾಹರಣೆ ಕೊಡಿ ಅನ್ನುತ್ತೀರಾ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರನ್ನು ನೋಡಿ. ಅವರ ಬ್ಯಾಂಡ್ ಅಂತರಾಗ್ನಿ ಶುರುವಾಗಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಶಿಶುನಾಳ ಷರೀಫರ ಪದಗಳು ರಾಕ್ ಜೊತೆ ಬಂದ ಆ ಮೊದಲ ಆಲ್ಬಂ ಕೈಗೆ ಸಿಕ್ಕಿದ್ದು 2008ರಲ್ಲಿ. ಅಷ್ಟು ವರ್ಷ ಕಾದಿದ್ದಾರೆ! ಅವರು ವೇದಿಕೆ ಹತ್ತಿ ಹತ್ತಿ ಬೆಳೆದದ್ದು ಬೆಂಗಳೂರಿನಲ್ಲಿ, ನಿಜ. ಆದರೆ ಆಗ ಬೇರೆ ದಾರಿ ಇರಲಿಲ್ಲ. ಇವತ್ತು ಒಂದು ಲ್ಯಾಪ್‌ಟಾಪು, ಮೈಕನ್ನು ಅದಕ್ಕೆ ಜೋಡಿಸುವ ಒಂದು ಇಂಟರ್‌ಫೇಸು, ಎರಡು ಒಳ್ಳೆ ಮೈಕ್ ಇದ್ದರೆ ಸಕಲೇಶಪುರದ ಮನೆಯಲ್ಲೇ ಹಾಡು ರೆಕಾರ್ಡ್ ಆಗುತ್ತದೆ.

ಇಲ್ಲಿ ಏನೂ ಇಲ್ಲ ಅನ್ನುವ ಮಾತು ನಾನು ಒಪ್ಪಲ್ಲ. ಹಾಸನದಿಂದ ಚಿಕ್ಕಮಗಳೂರು ಅರವತ್ತು ಕಿಲೋಮೀಟರ್ ಆಸುಪಾಸು. ಮೈಸೂರು ನೂರ ಇಪ್ಪತ್ತು. ಶಿರಾಡಿ ಇಳಿದರೆ ಮಂಗಳೂರು, ಆ ಕಡೆ ಕಡೂರು, ಶಿವಮೊಗ್ಗ. ಎಲ್ಲಾ ಊರಲ್ಲೂ ಕಾಲೇಜು ಇದೆ. ಒಂದು ಓಮ್ನಿಯಲ್ಲಿ ಸಾಮಾನು ತುಂಬಿಕೊಂಡು ಹೊರಟರೆ ರಾತ್ರಿಯೇ ವಾಪಸ್ ಬಂದು ಮನೆಯಲ್ಲಿ ಮಲಗಬಹುದು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಹೊರಗಡೆ ಕಾರ್ಯಕ್ರಮ ಆಗಲ್ಲ, ಸರಿ, ಆಗ ಹಾಡು ಬರೆಯಿರಿ. ಕಾಫಿ ಮಾರಿ ಖಾಲಿಯಾದ ಗೋಡೌನ್ ಯಾರದಾದರೂ ಇದ್ದೇ ಇರುತ್ತದೆ, ಕೇಳಿದರೆ ಕೊಡುತ್ತಾರೆ, ಅಲ್ಲಿ ಎಷ್ಟು ಜೋರಾಗಿ ಬಾರಿಸಿದರೂ ಅಕ್ಕಪಕ್ಕದವರು ಬಂದು ಬಾಗಿಲು ಬಡಿಯಲ್ಲ. ತೇವಕ್ಕೆ ತಂತಿ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒರೆಸಿಡಿ, ಅಷ್ಟೇ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದವನು ಇದ್ದರೆ ಅವನನ್ನು ಬಿಡಬೇಡಿ. ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲು 2017ರಿಂದ ಓಡುತ್ತಿದೆ, ಶನಿವಾರ ಬಂದು ಭಾನುವಾರ ಸಂಜೆ ಹೋಗಲಿ.

ಇಲ್ಲದಿರುವುದು ಒಂದೇ, ಸ್ವಂತ ಹಾಡು ಕೇಳುವ ಅಭ್ಯಾಸ. ನಮ್ಮ ಕಡೆ ವೇದಿಕೆ ಹತ್ತಿದ ತಕ್ಷಣ ಕೆಳಗಿಂದ ಸಿನಿಮಾ ಹಾಡಿನ ಕೂಗು ಬರುತ್ತದೆ. ಒಂದು ಕಾಲೇಜಿನಲ್ಲಿ ನಾನೇ ನೋಡಿದ್ದೇನೆ, ಹುಡುಗಿಯೊಬ್ಬಳು ತಾನೇ ಬರೆದ ಹಾಡು ಶುರು ಮಾಡಿದಳು, ಅರ್ಧಕ್ಕೆ ನಿಲ್ಲಿಸಿ "ಡ್ಯಾನ್ಸ್ ಸಾಂಗ್ ಹಾಕಿ" ಅಂದರು ಆಯೋಜಕರು. ಅವಳ ಮುಖ ನೋಡೋಕಾಗಲಿಲ್ಲ. ಈ ಅಭ್ಯಾಸ ಕೇಳುವವರಿಗೆ ತಾನಾಗಿ ಬರಲ್ಲ, ಕೇಳಿಸಬೇಕು. ಸಿನಿಮಾ ಹಾಡು ಎರಡು ಹಾಡಿ, ನಡುವೆ ನಿಮ್ಮದು ಒಂದು. ಮುಂದಿನ ಸಲ ನಿಮ್ಮದು ಎರಡು. ಅಥೆನ್ಸಿನವರೂ ಚರ್ಚಿನಲ್ಲಿ ಹಾಗೇ ಶುರು ಮಾಡಿದ್ದು.

ಗಣಪತಿ ಕಮಿಟಿಯವರು ಯಾರಾದರೂ ಇದನ್ನು ಕೇಳುತ್ತಿದ್ದರೆ ನಿಮಗೂ ಒಂದು ವಿನಂತಿ ಇದೆ. ಆರ್ಕೆಸ್ಟ್ರಾ ಇಟ್ಟುಕೊಳ್ಳಿ, ಅದು ಬೇಕು, ಜನ ಅದಕ್ಕೇ ಬರುವುದು. ಆದರೆ ಅದಕ್ಕೆ ಮುಂಚೆ, ಏಳರಿಂದ ಏಳೂವರೆವರೆಗೆ, ಊರಿನ ಹುಡುಗ ಹುಡುಗಿಯರಿಗೆ ಅವರದೇ ಹಾಡಿಗೆ ಜಾಗ ಕೊಡಿ. ಮೈಕ್ ಸೆಟ್ ಹೇಗೂ ಬಂದಿರುತ್ತದೆ. ಜನರೇಟರ್ ಹೇಗೂ ಓಡುತ್ತಿರುತ್ತದೆ. ಸಂಭಾವನೆ ಆಗಲ್ಲ ಅಂದರೆ ಓಮ್ನಿಗೆ ಪೆಟ್ರೋಲ್ ದುಡ್ಡಾದರೂ ಕೊಡಿ.