ಟೀ ಬಣ್ಣಕ್ಕೆ ಬದನೆಕಾಯಿಯ ಕಿಣ್ವ

ಕೇಳುಗರೇ, ನಮಸ್ಕಾರ. ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಹೋಳು ಕಪ್ಪಾಗುತ್ತದೆ. ಅದಕ್ಕೇ ನಮ್ಮ ಕೋಲಾರದ ಮನೆಗಳಲ್ಲಿ ಹೆಚ್ಚಿದ ಕೂಡಲೇ ಉಪ್ಪು ನೀರಿಗೆ ಹಾಕುತ್ತಾರೆ. ಹೀಗೆ ಕಪ್ಪಾಗಿಸುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಟೀ ಎಲೆಗೆ ಕೆಂಪು ಕೊಡುವುದೂ ಅದೇ ಬಗೆಯ ಕಿಣ್ವ. ಇವತ್ತು ಬದನೆಕಾಯಿಯ ಕಿಣ್ವದಿಂದ ಗ್ರೀನ್ ಟೀಗೆ ಆ ಕೆಂಪು ಬರಿಸುವ ಪ್ರಯೋಗ ಹೇಳುತ್ತೇನೆ.

ಟೀ ಎಲೆಯೊಳಗೆ ಕ್ಯಾಟೆಚಿನ್ ಎಂಬ ಬಣ್ಣವಿಲ್ಲದ ಒಗರು ಪದಾರ್ಥ ಒಂದು ಕಡೆ, ಕಿಣ್ವ ಇನ್ನೊಂದು ಕಡೆ ಇರುತ್ತವೆ. ಎಲೆ ಜಜ್ಜಿದಾಗ ಅವೆರಡೂ ಸೇರಿ, ಗಾಳಿಯ ಆಮ್ಲಜನಕವೂ ಸಿಕ್ಕಿ, ಥಿಯಾಫ್ಲೇವಿನ್ ಎಂಬ ಕಿತ್ತಳೆಗೆಂಪು ಬಣ್ಣ ಹುಟ್ಟುತ್ತದೆ. ಟೀಗೆ ಹೊಳಪು ಅದರಿಂದಲೇ. ಇನ್ನೂ ಬಿಟ್ಟರೆ ಅದು ಕಂದು ಥಿಯಾರೂಬಿಜಿನ್ ಕಡೆಗೆ ಹೊರಳುತ್ತದೆ. ಆದ್ದರಿಂದ ಕೆಂಪು ಹೊಳಪು ಬಂದ ಕೂಡಲೇ ನಿಲ್ಲಿಸಿ. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ.

ಅಸ್ಸಾಮಿನ ತೋಟದಲ್ಲಿದ್ದ ವಿಲಿಯಂ ಮೆಕೆರ್ಚರ್ 1930ರ ದಶಕದ ಆರಂಭದಲ್ಲಿ ಹಲ್ಲುಗಳಿರುವ ಜೋಡಿ ರೋಲರ್ ಯಂತ್ರ ರೂಪಿಸಿದರು. ಅಲ್ಲಿಯವರೆಗೆ ಎಲೆಯನ್ನು ಹೊರಳಿಸಿ ಹೊಸೆಯುತ್ತಿದ್ದರು. ಈ ರೋಲರ್‌ಗಳು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿದವು. ಜೀವಕೋಶ ಹೆಚ್ಚು ಒಡೆದಷ್ಟೂ ಕಿಣ್ವ ಬೇಗ ಕೆಲಸ ಮಾಡುತ್ತದೆ. ನಾವು ಅಂಗಡಿಯಿಂದ ತರುವ ಗುಂಡುಗುಂಡಾದ ಸಿಟಿಸಿ (ಕ್ರಷ್, ಟೇರ್, ಕರ್ಲ್) ಟೀಪುಡಿ ಆ ಯಂತ್ರದ ಕೂಸು.

ಗ್ರೀನ್ ಟೀ ಮಾಡುವಾಗ ಕಿಣ್ವವನ್ನು ಬಿಸಿಯಿಂದ ಕೊಂದಿರುತ್ತಾರೆ. ಕ್ಯಾಟೆಚಿನ್ ಉಳಿದಿರುತ್ತದೆ, ಕಿಣ್ವವನ್ನು ನಾವು ಹೊರಗಿನಿಂದ ಕೊಡೋಣ. ಶಾಲೆಯ ಮೇಷ್ಟ್ರುಗಳೇ, ಬರೆದುಕೊಳ್ಳಿ. 2 ಗ್ರಾಂ ಗ್ರೀನ್ ಟೀ, 200 ಮಿಲಿ ಬಿಸಿನೀರು, 5 ನಿಮಿಷ. ಸೋಸಿ ಪೂರ್ತಿ ತಣಿಸಿ. ಬಿಸಿ ಡಿಕಾಕ್ಷನ್‌ಗೆ ಬದನೆಕಾಯಿ ರಸ ಹಾಕಿದರೆ ಕಿಣ್ವ ಅಲ್ಲೇ ಸಾಯುತ್ತದೆ. 50 ಗ್ರಾಂ ಬದನೆಕಾಯಿಯನ್ನು 100 ಮಿಲಿ ಫ್ರಿಜ್ಜಿನ ನೀರಿನಲ್ಲಿ ಅರ್ಧ ನಿಮಿಷ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ತಡಮಾಡದೆ ಬಳಸಿ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ 100 ಮಿಲಿ ಟೀಗೆ 20 ಮಿಲಿ ರಸ ಸೇರಿಸಿ ಆಗಾಗ ಕಲಕಿ, ಗಾಳಿ ಆಡಬೇಕು. ಅರ್ಧ ಗಂಟೆಯವರೆಗೆ ಕಣ್ಣಿಟ್ಟು ನೋಡಿ. ಕೆಂಪು ಹೊಳಪು ಕಂಡಿತೇ? ಸ್ಟೀಲ್ ಪಾತ್ರೆಗೆ ಸುರಿದು ಕುದಿಸಿ, ನಿಲ್ಲಿಸಿ.

ಪಕ್ಕದಲ್ಲಿ ಇನ್ನೆರಡು ಲೋಟ ಇಡಲೇಬೇಕು: ಒಂದರಲ್ಲಿ ಟೀ ಮತ್ತು ಕುದಿಸಿ ಆರಿಸಿದ ರಸ, ಇನ್ನೊಂದರಲ್ಲಿ ಬರೀ ನೀರು ಮತ್ತು ಹಸಿ ರಸ. ಬದನೆಯಲ್ಲೂ ಈ ಕಿಣ್ವದಿಂದ ಕಂದಾಗುವ ಕ್ಲೋರೋಜೆನಿಕ್ ಆಮ್ಲ ಎಂಬ ಪದಾರ್ಥ ಇದೆ, ರಸ ತಾನಾಗಿಯೇ ಕಂದಾಗುತ್ತದೆ. ಅದನ್ನೇ ಟೀ ಬಣ್ಣ ಎಂದು ಮಕ್ಕಳಿಗೆ ತೋರಿಸಬಾರದು.

ನಮ್ಮ ಜಿಲ್ಲೆಯ ಕೊಳವೆಬಾವಿ ನೀರಂತೂ ಬೇಡವೇ ಬೇಡ. ಆ ಗಡಸು, ಕ್ಷಾರದ ನೀರಿನಲ್ಲಿ ಕಿಣ್ವವಿಲ್ಲದೆಯೂ ಟೀ ಕಂದಾಗುತ್ತದೆ. ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ಕಬ್ಬಿಣದ ಪಾತ್ರೆಯಲ್ಲಿ ಬಣ್ಣ ಶಾಯಿಯಂತೆ ಕಪ್ಪಾಗುತ್ತದೆ. ನಿಂಬೆರಸ ಹಿಂಡಿದರೆ ಅದರ ಸಿ ಜೀವಸತ್ವ ಕ್ರಿಯೆಯನ್ನೇ ಹಿಂದಕ್ಕೆ ತಳ್ಳುತ್ತದೆ.

ಸಮಯ ಮುಗಿಯುತ್ತಾ ಬಂತು, ಕಾಲೇಜಿನವರಿಗೆ ಒಂದೇ ಮಾತು. ಜಪಾನಿನ ಸಂಶೋಧಕರು ಇದೇ ಕೆಲಸಕ್ಕೆ ಪೇರ್ ಹಣ್ಣು ಬಳಸಿದ್ದಾರೆ, ಅದನ್ನೂ ಪ್ರಯತ್ನಿಸಿ. ಸಿಕ್ಕ ದ್ರಾವಣವನ್ನು ಈಥೈಲ್ ಅಸಿಟೇಟ್ ಎಂಬ, ಬೇಗ ಹೊತ್ತಿಕೊಳ್ಳುವ ದ್ರಾವಕದ ಜೊತೆ ಕುಲುಕಿದರೆ ಥಿಯಾಫ್ಲೇವಿನ್ ಮೇಲಿನ ಪದರಕ್ಕೆ ಬರುತ್ತದೆ. ಬೆಂಕಿಯ ಹತ್ತಿರ ಮಾಡಬೇಡಿ. ಇದನ್ನು ಯಾರೂ ಕುಡಿಯಲೂಬೇಡಿ. ನಮಸ್ಕಾರ.